ಗೆರೆ ಅಳಿಸಿದ ನಳಿಗೆ

ಬೇರೆಯವರು ಬೇಡವೆಂದು ಬಿಟ್ಟ ಕೋವಿಗಳನ್ನೇ ನಮ್ಮ ಅರ್ಬಾಬ್ ಹುಡುಕುತ್ತಿದ್ದರು. ಅರ್ಬಾಬ್ ಎಂದರೆ ಈ ಕೊಲ್ಲಿ ದೇಶದಲ್ಲಿ ಧಣಿ; ನಾನು ಕಟ್ಟಡಗಳ ನಕ್ಷೆ ಬರೆಯುವ ಅಲ್ ಖುವೈರ್ ಕಚೇರಿಯ ಮಾಲೀಕರು ಅವರು, ಎಪ್ಪತ್ತು ದಾಟಿದವರು. ಶುಕ್ರವಾರ ಬೆಳಿಗ್ಗೆ ಬೌಷರಿನ ಅವರ ಮನೆಯಿಂದ ನಿಜ್ವಾದ ಸಂತೆಗೆ ಹೊರಡುತ್ತಿದ್ದೆವು. ಬೋಳು ಬೆಟ್ಟಗಳು ತೆಳುವಾದ ಧೂಳಿನಲ್ಲಿ ಒಂದೊಂದಾಗಿ ತೇಲಿ ಬಂದು ಹಿಂದೆ ಸರಿಯುತ್ತಿದ್ದವು. ಎಚ್ಚರವೋ ನಿದ್ದೆಯೋ ತಿಳಿಯದ ಒಂದೂವರೆ ಗಂಟೆಯ ದಾರಿ ಅದು.

ಸಂತೆಯಲ್ಲಿ ಎಲ್ಲರಿಗೂ ಬೇಕಾದದ್ದು ಹಳೆಯ ಸೇನಾ ರೈಫಲ್ಲು. ಅರ್ಬಾಬರಿಗೆ ಮಾತ್ರ, ಸೇನೆಯಿಂದ ಹೊರಬಿದ್ದ ಮೇಲೆ ಯಾರೋ ಕಮ್ಮಾರ ನಳಿಗೆಯೊಳಗಿನ ಗೆರೆಗಳನ್ನು ಕೆರೆದು ತೆಗೆದು, ಗುಂಡಿನ ಬದಲು ಚರೆ ಹಾರಿಸುವ ಹಕ್ಕಿಕೋವಿ ಮಾಡಿದ್ದೇ ಆಗಬೇಕು. ಸೂರ್ ಎಂಬ ಬಂದರು ಊರಿನಲ್ಲಿ ಹಡಗು ಕಟ್ಟುತ್ತಿದ್ದ ಅವರ ತಂದೆಯ ಬಳಿ ಅಂಥದ್ದೊಂದಿತ್ತಂತೆ. ಕಷ್ಟಕಾಲದಲ್ಲಿ ಅದು ಮನೆ ಬಿಟ್ಟು ಹೋಗಿತ್ತು. ಅದನ್ನು ಮತ್ತೆ ಮನೆಗೆ ತರದೆ ಸಾಯಬಾರದೆಂದು ಅವರ ಹಟ.

ಗುರುತಿಸುವ ಕೆಲಸ ನನ್ನದು. ಕಾರ್ಕಳದ ಕಡೆ ನನ್ನ ಅಜ್ಜ ಕೋವಿ ರಿಪೇರಿ ಮಾಡುತ್ತಿದ್ದರು. ಆ ಜಂಬ ನನಗೆ ಬೇಕಾದಷ್ಟಿತ್ತು. ಹೊರದೇಶದವನಾದ ನನಗೆ ಇಲ್ಲಿ ಕೋವಿ ಮುಟ್ಟಿ ನೋಡುವ ಭಾಗ್ಯವಷ್ಟೇ. ಬಯೊನೆಟ್ ಸಿಕ್ಕಿಸುವ ಗೂಟವನ್ನು ಅರದಿಂದ ಉಜ್ಜಿದ ಕಲೆ, ಮೊಟಕು ಮಾಡಿದ ಮರ, ಅರೆ ಮಾಸಿದ ಸೇನಾ ಮುದ್ರೆ ಎಲ್ಲ ನೋಡಿ, ಕೊನೆಗೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ಕಣ್ಣಿಡುತ್ತಿದ್ದೆ. ಗೆರೆಗಳಿದ್ದರೆ ರೈಫಲ್ಲು. ಇಲ್ಲದಿದ್ದರೆ ಬಾವಿಯ ತಳದ ನೀರಿನ ಹಾಗೆ ದುಂಡಗಿನ ಬೆಳಕು. ಆ ಬೆಳಕು ನೋಡುತ್ತಾ ನಿಂತರೆ ಚೌಕಾಸಿಯ ಗದ್ದಲ, ಆಡುಗಳ ಕೂಗು ಎಲ್ಲ ದೂರವಾಗುತ್ತಿತ್ತು.

“ಪ್ರತಿ ಶುಕ್ರವಾರ ಕೋವಿಯ ಓಟೆಯಲ್ಲಿ ಇಣುಕ್ಲಿಕ್ಕೆ ಹೋಗುದಾ ಮಾರಾಯ್ರೆ? ಮನೆಯಲ್ಲಿ ಗ್ಯಾಸ್ ಮುಗಿದದ್ದು ಮಾತ್ರ ನಿಮ್ಗೆ ಕಾಣುದಿಲ್ಲ,” ಎಂದು ಹೆಂಡತಿ ಚುಚ್ಚುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ನಳಿಗೆಯೊಳಗೆ ಗೆರೆ ಕಂಡಿತು. ರೈಫಲ್ಲೇ ಎಂದು ತೀರ್ಪು ಕೊಡುವಷ್ಟರಲ್ಲಿ ಅಂಗಡಿಯಾತ ಎಣ್ಣೆಬಟ್ಟೆ ಸುತ್ತಿದ ಕಡ್ಡಿ ತೂರಿಸಿ ನಾಲ್ಕು ಸಲ ಎಳೆದ. ಗೆರೆಗಳೆಲ್ಲ ಬಟ್ಟೆಗೆ ಅಂಟಿಕೊಂಡು ಬಂದವು. ಬರೀ ತುಕ್ಕು. ರೈಫಲಿನ ಗೆರೆ ಸುರುಳಿಯಾಗಿ ತಿರುಗುತ್ತದೆ, ಈ ತುಕ್ಕು ನೆಟ್ಟಗೆ ಓಡಿತ್ತು. ಕೋವಿ ಪಂಡಿತನಿಗೆ ಇಷ್ಟೂ ಹೊಳೆದಿರಲಿಲ್ಲ.

ಆಗಲೇ ಹಿಂದಿನದೊಂದು ನೆನಪಾಯಿತು. ಮೂರು ವರ್ಷದ ಹಿಂದೆ ಇದೇ ಸಂತೆಯಲ್ಲಿ ಅರ್ಬಾಬ್ ಒಂದು ಕೋವಿಯನ್ನು ಎದೆಗೊತ್ತಿ ಹಿಡಿದು, ಬಹಳ ಹೊತ್ತು ಅದರ ಮರ ಸವರುತ್ತಾ ನಿಂತಿದ್ದರು. ನಾನು ಒಳಗೆ ನೋಡಿ, ನೆಟ್ಟನೆಯ ಗೆರೆ ಕಂಡು, “ಇದಲ್ಲ ಅರ್ಬಾಬ್, ಇದು ಯಾರೂ ಕೆರೆಯದ ರೈಫಲ್ಲು” ಎಂದಿದ್ದೆ, ಅಂಗಡಿಯವನಿಗೂ ಕೇಳುವಂತೆ. ಅವರು ಅದನ್ನು ಕೆಳಗಿಟ್ಟಿದ್ದರು. ಅದೂ ತುಕ್ಕೇ; ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವನು ನಾನೇ.

ಸಂತೆಯಿಂದ ಮರಳಿದೆವು. ಬೌಷರಿನ ಮನೆಯಲ್ಲಿ ಖರ್ಜೂರ, ಕಾವಾ ಕಾಫಿ ಬಂದಾಗ ಎಲ್ಲ ಹೇಳಿಬಿಟ್ಟೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅರ್ಬಾಬ್ ಎದ್ದು ಒಳಗೆ ಹೋದರು. ಸಿಟ್ಟಾದರೆಂದುಕೊಂಡೆ. ಮರಳಿ ಬಂದಾಗ ಅವರ ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಮೂರು ವರ್ಷದ ಹಿಂದಿನ ಅದೇ ಕೋವಿಯಿತ್ತು. ನನ್ನ ಹೆಬ್ಬೆರಳು ಹಿಡಿದು ಹಿಂಬದಿಯ ಮರದ ಮೇಲಿಟ್ಟರು. ಎರಡು ಪುಟ್ಟ ಗುಳಿಗಳು ಸಿಕ್ಕಿದವು.

“ನನ್ನ ಹಾಲುಹಲ್ಲು,” ಎಂದರು ತಮ್ಮ ಹಳೆಯ ಬೊಂಬಾಯಿ ಹಿಂದಿಯಲ್ಲಿ. “ಚಿಕ್ಕವನಿದ್ದಾಗ ಕಚ್ಚಿದ್ದು. ಆವತ್ತು ಸಂತೆಯಲ್ಲೇ ಬೆರಳಿಗೆ ಸಿಕ್ಕಿತು. ಮರುದಿನ ಮಗನನ್ನು ಕಳಿಸಿ ತರಿಸಿದೆ.”

“ಅಲ್ಲೇ ಹೇಳಬಹುದಿತ್ತಲ್ಲ, ಅರ್ಬಾಬ್?”

“ಅಂಗಡಿಯವನ ಎದುರು ನಿನ್ನ ಮಾತು ಬೀಳಿಸಲೇ?” ನನ್ನ ಬಟ್ಟಲಿಗೆ ಮತ್ತೆ ಕಾವಾ ಹನಿಸಿದರು. “ಆಮೇಲೆ ಹೇಳೋಣವೆಂದರೆ, ಹೇಳಿದ ದಿನ ಹುಡುಕಾಟ ಖಲಾಸ್. ಮತ್ತೆ ನೀನು ಶುಕ್ರವಾರ ಯಾಕೆ ಬರುತ್ತೀ?”

ಮೂರು ವರ್ಷ ಅವರು ಮನೆಯಲ್ಲೇ ಇದ್ದದ್ದನ್ನು ನನ್ನ ಜೊತೆ ಹುಡುಕಿದ್ದರು. ನನಗೆ ಅಳು ಬಂತು.

ಮುಂದಿನ ಶುಕ್ರವಾರ ಆರು ಗಂಟೆಗೇ ಹೋದೆ. ಗೇಟಿನ ಹತ್ತಿರ ಊರುಗೋಲು ಹಿಡಿದು ನಿಂತಿದ್ದ ಅವರು ನನ್ನ ಕಾರು ಕಂಡು ನಿಧಾನ ಹೆಜ್ಜೆ ಹಾಕಿದರು. ಒಳಗೆ ಕೂತು ಬಾಗಿಲೆಳೆದುಕೊಂಡು, “ಯಲ್ಲಾ, ಹೊರಡೋಣ,” ಎಂದರು.