ಬೊಟ್ಟಿಲ್ಲದ ಡಬ್ಬಿ

ನಮ್ಮ ಮಸ್ಕಿಯ ಮನೆಗೆ ಹೊಸದಾಗಿ ಏನೇ ಬರಲಿ, ಮೊದಲು ಅದಕ್ಕೆ ಅರಿಶಿನ ಕುಂಕುಮ ಬೀಳಬೇಕು. ಸೈಕಲ್ಲಿಗೂ ಹಚ್ಚಿದ್ದೇನೆ, ಮಿಕ್ಸಿಗೂ ಹಚ್ಚಿದ್ದೇನೆ. ಸೊಸೆ ಒಂದು ಕಂಪನಿಯ ಶಕ್ತಿಪುಡಿ ತರಿಸಿ ಮನೆಮನೆಗೆ ಮಾರಲು ಶುರು ಮಾಡಿದಾಗ ಆ ರಟ್ಟಿನ ಡಬ್ಬಿಗಳನ್ನೂ ಬಿಡಲಿಲ್ಲ. ಯಾರಿಗೆ ಕಳಿಸಿದ ಮಾಲೆಂದು ತಿಳಿಯಲು ಕಂಪನಿಯವರೇ ಅವಳ ನಂಬರು ಅಂಟಿಸಿರುತ್ತಾರಲ್ಲ, ಅದರ ಪಕ್ಕದಲ್ಲೇ ಒಂದೊಂದು ಬೊಟ್ಟು.

"ಅತ್ತಿ, ಮಂದಿಗೆ ಕೊಡೋ ಮಾಲದು, ಹೊಲಸ ಮಾಡಬ್ಯಾಡ್ರಿ."

"ಕುಂಕುಮ ಹೊಲಸೇನ ಬೇ? ಬಳಗಾನೂರಾಗ ಬೊಟ್ಟಿನ ಡಬ್ಬೀನ ಬೇಕಂತಾರಂತ ನೀನ ಹೇಳೀದಿ."

ಕಂಪನಿಯ ಮಾಲು ಕೈಯಿಂದ ಕೈಗೇ ಹೋಗಬೇಕು, ಫೋನಿನೊಳಗಿನ ಅಂಗಡಿಯಲ್ಲಿ ಮಾರಬಾರದು ಎಂಬುದು ಅವರ ಕರಾರು. ಆದರೂ ಅದೇ ಪುಡಿ ಆನ್‌ಲೈನಿನಲ್ಲಿ ಅಗ್ಗಕ್ಕೆ ಬಂತು. ಕಂಪನಿ ಕೋರ್ಟಿಗೆ ಹೋಯಿತು. ನಮ್ಮನ್ನು ಕೇಳದೆ ನಮ್ಮ ಮಾಲು ಮಾರುತ್ತೀರಿ ಎಂದು ಕಂಪನಿಯವರು. ಮಾರುವವರು ಬೇರೆ, ನಾವು ಜಾಗ ಮಾತ್ರ ಕೊಟ್ಟಿದ್ದೇವೆ ಎಂದು ಆ ಫೋನಿನಂಗಡಿಯವರು. ಸಂತೆಯ ಕರ ವಸೂಲಿಯವನೂ ಹೀಗೇ ಹೇಳುತ್ತಾನೆ. ಈ ದೊಡ್ಡವರ ಜಗಳದಲ್ಲಿ ಕಂಪನಿಯವರು ಆನ್‌ಲೈನಿನಿಂದ ಒಂದು ಡಬ್ಬಿ ತರಿಸಿ ನೋಡಿದರೆ, ಅದರ ಮೇಲೆ ನಮ್ಮ ಸೊಸೆಯ ನಂಬರು. ನೀನೇ ಅಲ್ಲಿ ಮಾರಿದ್ದೀಯ ಎಂದು ಅವಳ ವ್ಯಾಪಾರ ನಿಲ್ಲಿಸಿಬಿಟ್ಟರು. ಸೊಸೆಗೆ ಅನ್ನ ಸೇರಲಿಲ್ಲ.

ಅವಳ ಮಗಳು, ನನ್ನ ಮೊಮ್ಮಗಳು, ಲಿಂಗಸುಗೂರಿನ ಕೋರ್ಟಿನಲ್ಲಿ ಹಿರಿಯ ವಕೀಲರ ಬಳಿ ಕೆಲಸ ಕಲಿಯುತ್ತಿದ್ದಾಳೆ. ಸುದ್ದಿ ಕೇಳಿ ಕರಿಕೋಟಿನಲ್ಲೇ ಬಸ್ಸು ಹತ್ತಿ ಬಂದಳು. ಕಂಪನಿ ಕಳಿಸಿದ ಡಬ್ಬಿಯ ಫೋಟೊ ದೊಡ್ಡದು ಮಾಡಿ ನೋಡಿದವಳೇ ನಗತೊಡಗಿದಳು.

"ಅಜ್ಜಿ, ಈ ಡಬ್ಬಿ ನಮ್ಮನಿ ಹೊಸ್ತಿಲಾನ ತುಳದಿಲ್ಲ. ಬೊಟ್ಟೆಲ್ಲೈತಿ?"

ಮನೆಯಲ್ಲಿ ಉಳಿದಿದ್ದ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಮೂವರೂ ಸಿಂಧನೂರಿನ ಕಂಪನಿ ಆಫೀಸಿಗೆ ಹೋದೆವು. ಮೊಮ್ಮಗಳು ನಿಂತು ಮಾತಾಡಿದಳು. ಯಾವ ಕಾನೂನು ಹೇಳಿದಳೋ ನನಗೆ ತಿಳಿಯಲಿಲ್ಲ, ಅವಳ ದನಿ ನಡುಗಲಿಲ್ಲ ಎಂಬುದಷ್ಟೇ ತಿಳಿಯಿತು. ನನಗೆ ಅಷ್ಟು ಸಾಕಾಗಿತ್ತು.

ಅಧಿಕಾರಿ ನನ್ನ ಕಡೆ ತಿರುಗಿದರು. "ಕುಂಕುಮ ಒರಸಿದ್ರ ಹೋಗತೈತಲ್ಲಮ್ಮ?"

"ಒರಸಿ ನೋಡ್ರಿ ಸಾಹೇಬ್ರ. ಎಣ್ಯಾಗ ಕಲಸಿ ಹಚ್ಚೀನಿ."

ಕರವಸ್ತ್ರದಿಂದ ತಿಕ್ಕಿದರು. ರಟ್ಟಿನ ಮೇಲೆ ಕಲೆ ಇನ್ನೂ ಅಗಲವಾಯಿತು, ಕರವಸ್ತ್ರವೂ ಕೆಂಪಾಯಿತು. "ಇದನ್ನ ನಮ್ಮನಿಯಾಕಿ ನೋಡಿದ್ರ ನನ್ನ ಮ್ಯಾಲ ಕೇಸ್ ಹಾಕ್ತಾಳ," ಎಂದು ಅವರೇ ನಕ್ಕರು.

ಆಗ ಸೊಸೆ, ತನಗೆ ಬರಬೇಕಾದ ಒಂದು ಪೆಟ್ಟಿಗೆ ಬಂದೇ ಇಲ್ಲ ಎಂದು ಹಿಂದೆಯೇ ತಿಳಿಸಿದ್ದನ್ನು ನೆನಪಿಸಿದಳು. ಹುಡುಕಿಸಿದರು. ಅದು ದಾರಿಯಲ್ಲೇ ಯಾರದೋ ಕೈ ಸೇರಿ, ಅದರೊಳಗಿನ ಡಬ್ಬಿಗಳೇ ಆನ್‌ಲೈನಿಗೆ ಹೋಗಿದ್ದವು. ಸೊಸೆಯ ವ್ಯಾಪಾರ ಮತ್ತೆ ಶುರುವಾಯಿತು.

ಹೊಸ ಮಾಲು ಬಂದ ದಿನ ಕುಂಕುಮದ ಬಟ್ಟಲನ್ನು ಅವಳೇ ತಂದಿಟ್ಟಳು. "ಅತ್ತಿ, ಸ್ವಲ್ಪ ದೊಡ್ಡದ ಹಚ್ರಿ."

ಅವತ್ತು ಮೊಮ್ಮಗಳೂ ಮನೆಗೆ ಬಂದಿದ್ದಳು; ನನ್ನ ಕಣ್ಣು ಗೂಟಕ್ಕೆ ತೂಗುಹಾಕಿದ್ದ ಅವಳ ಕರಿಕೋಟಿನ ಮೇಲೆ ಹೋಯಿತು.

"ಬ್ಯಾಡ ಅಜ್ಜಿ, ಜಡ್ಜ್ ಸಾಹೇಬ್ರು ಹೊರಗ ಹಾಕ್ತಾರ," ಎಂದಳು ಮೊಮ್ಮಗಳು.

"ಒಳಗಿನ ಕಿಸೇಗೆ ಹಚ್ತೀನಿ ಬಿಡು. ಅವ್ರಿಗೇನ ಕಾಣತೈತಿ?"

ಅವಳು ಕೋಟು ತಂದು, ಕಿಸೆ ಹೊರಳಿಸಿ ಹಿಡಿದಳು.