ಯಾರೂ ಹಾಕದ ದಂಡ

ದೊಡ್ಡಮ್ಮನ ಎಡಭುಜದ ಎಲುಬು ಒಂದು ಕಡೆ ಮುರಿದು ಕೂಡಿ ಗಂಟು ಕಟ್ಟಿತ್ತು. ಅಲ್ಲಿಂದ ಎದೆಯ ಕಡೆಗೆ ಓರೆಯಾಗಿ ಇಳಿದ ಕಪ್ಪು ಪಟ್ಟಿ. ಸೆರಗು ಅದೇ ಭುಜದ ಮೇಲೆ ಬರುವುದರಿಂದ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಕಾಯಿ ತುರಿಯುವಾಗ ಜಾರಿದರೆ ತಟ್ಟನೆ ಎಳೆದುಕೊಳ್ಳುತ್ತಿದ್ದರು. ಅದು ಕಾರಿನ ಬೆಲ್ಟ್ ಮಾಡಿದ ಗುರುತು. ಅವರ ಜೀವ ಉಳಿಸಿದ್ದೂ ಆ ಬೆಲ್ಟೇ. ಅದಕ್ಕೇ ಆ ಗುರುತನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅವರು ನನ್ನ ಅಮ್ಮನ ಅಕ್ಕ. ಹುಡುಗಿಯರನ್ನೆಲ್ಲ ಕರೆಯುವಂತೆ ನನ್ನನ್ನೂ 'ಹೆಣೆ' ಎನ್ನುತ್ತಿದ್ದರು. ಮನೆ ಯಡ್ತರೆಯಲ್ಲಿ. ಮೊದಲೆಲ್ಲ ಬಾಯಿ ತುಂಬ ನಗು, ಕೈ ತುಂಬ ಯಾರದೋ ಮಗು. ಮದುವೆಮನೆಯಲ್ಲಿ ಎಲ್ಲೇ ಮಗು ಅತ್ತರೂ ಊಟದ ಪಂಕ್ತಿಯಿಂದ ಎದ್ದುಬಿಡುತ್ತಿದ್ದರು. "ಹ್ವಾಯ್, ಆ ಶಿಶು ಇಲ್ಲ್ ಕೊಡಿ ಕಾಂಬ. ನೀವ್ ಪಾಯ್ಸ ಉಣ್ಣಿ" ಎಂದು ಎತ್ತಿಕೊಂಡರೆ ಅದು ಎರಡು ನಿಮಿಷದಲ್ಲಿ ತೆಪ್ಪಗಾಗುತ್ತಿತ್ತು. ನಾವೆಲ್ಲ ಅವರ ತೊಡೆಯ ಮೇಲೆ ನಿದ್ದೆ ಮಾಡಿ ಬೆಳೆದವರೇ.

ಒಬ್ಬನೇ ಮಗ ಅವರಿಗೆ. ಸೊಸೆಯ ಬಾಣಂತನ ಬ್ರಹ್ಮಾವರದ ಕಡೆ, ಅವಳ ತವರಿನಲ್ಲಿ ಆಯಿತು. ಮೂರು ತಿಂಗಳು ತುಂಬಿದ ಮೇಲೆ ತಾಯಿ ಮಗುವನ್ನು ಕರೆತರಲು ದೊಡ್ಡಮ್ಮ, ಮಗ ಕಾರಿನಲ್ಲಿ ಹೋದರು. ಇಂಥ ಹೊತ್ತಿನಲ್ಲಿ ಮುಂದಿನ ಸೀಟು ಅಜ್ಜಿಗೆ, ಮಗು ಅಜ್ಜಿಯ ಮಡಿಲಿಗೆ. ನಮ್ಮ ಕಡೆ ಅದು ಮರ್ಯಾದೆಯ ಪ್ರಶ್ನೆ. ತೆಕ್ಕಟ್ಟೆ ಹತ್ತಿರ ಬರುವಾಗ ದೂರದಲ್ಲಿ ಪೊಲೀಸರು ಕಂಡರು. ಗಾಡಿ ಬಿಡುತ್ತಿದ್ದ ಮಗ, "ಅಮ್ಮ, ಬೆಲ್ಟ್ ಹಾಕಣಿ, ದಂಡ ಹಾಕ್ತ್ರ್" ಎಂದ. ದೊಡ್ಡಮ್ಮ ಬೆಲ್ಟ್ ಎಳೆದು ಹಾಕಿಕೊಂಡು, ಅದರ ಮೇಲೆ ಮೊಮ್ಮಗನನ್ನು ಅಪ್ಪಿ ಹಿಡಿದರು. ಪೊಲೀಸಿನವನು ಬಗ್ಗಿ ನೋಡಿದ. ಇಬ್ಬರ ಬೆಲ್ಟೂ ಸರಿ ಇತ್ತು. ಮಗುವನ್ನು ಕಂಡು ನಕ್ಕು, ಹೋಗಿ ಎಂದು ಕೈ ಬೀಸಿದ.

ಕುಂದಾಪುರ ಮುಟ್ಟುವ ಮೊದಲೇ ಅಡ್ಡರಸ್ತೆಯಿಂದ ಲಾರಿಯೊಂದು ನುಗ್ಗಿತು. ದೊಡ್ಡಮ್ಮ ಸೀಟಿನಲ್ಲೇ ಉಳಿದರು. ಮಗು ಉಳಿಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಕೇಸು ಲಾರಿಯವನ ಮೇಲೆ ಆಯಿತು. ನೋಡಲು ಬಂದವರೆಲ್ಲ ಅದೇ ಮಾತು ಹೇಳಿ ಹೋದರು: ನಿಮ್ಮ ತಪ್ಪೇನೂ ಇಲ್ಲ, ಮಗುವಿನ ಆಯುಸ್ಸೇ ಅಷ್ಟಿತ್ತು. ಹಿಂದಿನ ಸೀಟಿನಲ್ಲಿದ್ದ ಸೊಸೆ ಕೂಡ ಒಂದು ಬಿರುಮಾತು ಆಡಲಿಲ್ಲ. ಮಗನಂತೂ ದಿನಕ್ಕೊಮ್ಮೆ "ನಿಮ್ದೆಂತ ತಪ್ಪಿಲ್ಲೆ ಅಮ್ಮ" ಅನ್ನುತ್ತಿದ್ದ. ಅವನು ಹಾಗೆ ಹೇಳಿದಾಗಲೆಲ್ಲ ದೊಡ್ಡಮ್ಮನ ಮುಖ ಕಪ್ಪಿಡುತ್ತಿತ್ತು.

ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿ, ಸ್ಕೂಟರ್ ತೆಗೆದುಕೊಂಡು ಬಾ ಎಂದರು. ಹೋದರೆ ಪೊಲೀಸ್ ಸ್ಟೇಷನ್‌ಗೆ ನಡಿ ಎಂದರು. ಮಕ್ಕಳನ್ನು ಅವರದೇ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸದೆ ಕಾರಿನಲ್ಲಿ ಕರೆದೊಯ್ದರೆ ಸಾವಿರ ರೂಪಾಯಿ ದಂಡ ಎಂದು ಪೇಪರಿನಲ್ಲಿ ಓದಿದ್ದರಂತೆ. ಸಾಹೇಬರ ಮೇಜಿನ ಮೇಲೆ ದುಡ್ಡಿಟ್ಟು, "ಇದ್ ನಂದ್ ದಂಡ. ತಕಣಿ" ಎಂದರು.

ಸಾಹೇಬರು ಒಳ್ಳೆಯ ಮನುಷ್ಯ. "ಅಮ್ಮ, ತಪ್ಪ್ ಲಾರಿಯವಂದ್ ಅಲ್ದಾ? ನಿಮ್ಗೆಂತಕೆ ದಂಡ?"

"ಶಿಶು ಲಾರಿಯವ್ನ ಮಡ್ಲಲ್ಲ್ ಇದ್ದಿತ್ತಾ?"

ಸಾಹೇಬರು ಚಾ ತರಿಸಿದರು. ದುಡ್ಡನ್ನು ತಿರುಗಿ ಅವರ ಕೈಯಲ್ಲಿಟ್ಟು, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ದೊಡ್ಡಮ್ಮ ಚಾ ಮುಟ್ಟಲಿಲ್ಲ. ಸ್ಕೂಟರಿನ ಹಿಂದೆ ಕೂತು ಹೇಳಿದರು: "ನಾ ಬೆಲ್ಟ್ ಹಾಕ್ದಿದ್ರೆ ನಂಗ್ ದಂಡ ಹಾಕ್ತಿದ್ರ್ ಹೆಣೆ. ಶಿಶುವಿಗ್ ಬೆಲ್ಟ್ ಹಾಕ್ದಿದ್ದಕ್ಕೆ ಕೇಂಬವ್ರೇ ಇಲ್ಲೆ."

ಆಮೇಲೆ ಅವರು ಯಾವ ಮಗುವನ್ನೂ ಎತ್ತಿಕೊಳ್ಳಲಿಲ್ಲ. ಮದುವೆಮನೆಯಿಂದ ಕಾರುಗಳು ಹೊರಡುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಲ್ಲುವರು. ಕಿಟಕಿ ತಟ್ಟಿ, ಮಗು ಎಲ್ಲಿ ಕೂತಿದೆ ಎಂದು ಇಣುಕುವರು. "ಬಂದ್ರ್ ಕಾಣಿ ಆರ್‌ಟಿಒ" ಎಂದು ಗಂಡಸರು ನಗೆಯಾಡಿದರು. ಹೊರಡುವಾಗ ಎದುರು ಬರುತ್ತಾರಲ್ಲ, ಅಪಶಕುನ ಎಂದು ಹೆಂಗಸರು ಮುಖ ಸಿಂಡರಿಸಿದರು. ಆಮೇಲಾಮೇಲೆ ಕರೆಯೋಲೆಗಳೇ ಕಡಿಮೆಯಾದವು. ನನಗೆ ಇವತ್ತಿಗೂ ಆ ಜನರ ಮೇಲೆ ಸಿಟ್ಟಿದೆ.

ನನ್ನ ಮಗಳು ಹುಟ್ಟಿದಾಗ ಕೊಕ್ಕರ್ಣೆಯ ನಮ್ಮ ಮನೆಗೆ ಅವರು ಬಂದದ್ದು ಬಸ್ಸಿಳಿದು ರಿಕ್ಷಾದಲ್ಲಿ, ಜೊತೆಗೊಂದು ದೊಡ್ಡ ರಟ್ಟಿನ ಪೆಟ್ಟಿಗೆ. ಒಳಗೆ ಕಾರಿಗೆ ಹಾಕುವ ಮಗುವಿನ ಸೀಟು. ನಾನು ಕುಂದಾಪುರದ ಗಂಡನ ಮನೆಗೆ ಹೊರಟ ದಿನ, ನನ್ನ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಮಗುವಿಗೆ ಕೈ ಚಾಚಿದರು. ದೊಡ್ಡಮ್ಮ ಹೋಗಿ ಕಾರಿನ ಎದುರು ನಿಂತರು.

"ಶಿಶುವಿನ ಕಟ್ಟಿ ಹಾಕುದಾ? ದಾರಿಯಿಡೀ ಮರ್ಕತ್ತ್" ಎಂದರು ಅತ್ತೆ, ಮಗುವಿನ ಅಳುವಿಗೆ ಹೆದರಿ.

"ಮರ್ಕ್ಲಿ. ಮರ್ಕುದ್ ಕೇಂತಾ ಇದ್ರೆ ನಿಮ್ಗೆ ಸಮಾಧಾನ ಇರತ್ತ್. ನನ್ ಶಿಶು ಮರ್ಕ್ಲೇ ಇಲ್ಲೆ."

ಅತ್ತೆ ಇಳಿದು ಹಿಂದೆ ಬಂದು, ಸೀಟಿನಲ್ಲಿ ಮಲಗಿಸಿದ ಮಗುವಿನ ಪಕ್ಕ ಕೂತರು. ಮಗಳು ದಾರಿಯಿಡೀ ಅತ್ತಳು. ನಾನೂ ಅತ್ತುಬಿಟ್ಟೆ.

ಕೊನೆಗೆ ಅವರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆ ಬೇಡವೆಂದು ಯಡ್ತರೆಯಲ್ಲೇ ಮಲಗಿದ್ದರು. ನೋಡಲು ಹೋದವಳ ಕೈ ಹಿಡಿದುಕೊಂಡು, "ಹೆಣೆ, ನೀನಾದ್ರೂ ಸಮ ಹೇಳ್. ತಪ್ಪ್ ನಂದಲ್ದಾ?" ಎಂದು ಕೇಳಿದರು.

ತಪ್ಪಿಲ್ಲ ಎನ್ನುವುದು ನನಗೂ ಬಾಯಿಪಾಠವಾಗಿತ್ತು. ಅವರ ಕಣ್ಣು ನೋಡಿ ಅದನ್ನು ಹೇಳಲಾಗಲಿಲ್ಲ. "ಹೌದ್ ದೊಡ್ಡಮ್ಮ. ನಿಮ್ದೂ ತಪ್ಪಿತ್ತ್" ಎಂದೆ.

"ಇದೊಂದ್ ಹೇಳುಕೆ ಇಷ್ಟ್ ವರ್ಷ ಬೇಕಾಯ್ತಾ ನಿಮ್ಗೆಲ್ಲ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಗೋಡೆಯ ಕಡೆ ಹೊರಳಿ ನಿದ್ದೆ ಹೋದರು. ಮರುದಿನ ಮಧ್ಯಾಹ್ನ ತೀರಿಕೊಂಡರು. ನಾನು ಮಾಡಿದ್ದು ಕರುಣೆಯೋ ಕ್ರೌರ್ಯವೋ ಎಂದು ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರು ಚದುರಿದ ಮೇಲೆ ಅವರ ಮಗ ನನ್ನನ್ನು ಬಾವಿಕಟ್ಟೆಯ ಬಳಿ ತಡೆದ. ಆ ದಿನ ಬಾಗಿಲಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದನಂತೆ. ಬೈಯುತ್ತಾನೆಂದು ತಲೆ ತಗ್ಗಿಸಿ ನಿಂತೆ.

"ನೀ ಅಮ್ಮಂಗೆ ಹೇಳ್ದಿ, ತಪ್ಪಿತ್ತ್ ಅಂತ" ಎಂದ. "ಗಾಡಿ ಬಿಟ್ಟದ್ ನಾನ್. ಅಮ್ಮಂಗೆ ಬೆಲ್ಟ್ ಹಾಕುಕೆ ಹೇಳ್ದವನೂ ನಾನೇ. ನಂಗ್ ಯಾರ್ ಹೇಳುದ್?"

ಅವನು ಕಾಯುತ್ತ ನಿಂತೇ ಇದ್ದ.