ಮಗ್ಗದ ಮೇಲಿನ ಬ್ಯಾಂಡು

ನಾನು ಬಾರಿಸುವ ಪೇಟಿಯ ದನಿಯನ್ನು ನಾನೇ ಮೊದಲ ಸಲ ಕೇಳಿದ್ದು ಕಳೆದ ತಿಂಗಳು. ಆ ಆಘಾತದಿಂದ ಇನ್ನೂ ಸುಧಾರಿಸಿಕೊಂಡಿಲ್ಲ. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಅದಕ್ಕೆ ಕೈ ಹಚ್ಚಿ ಎಷ್ಟೋ ವರ್ಷಗಳಾದವು. ಹಾಗಾದರೆ ಇಷ್ಟು ದಿನ ಕೇಳಿದ್ದೇನು ಅಂತೀರಾ? ಅದನ್ನೇ ಹೇಳಹೊರಟಿದ್ದೇನೆ, ನಗಬೇಡಿ.

ನಮ್ಮದು ಮೂವರ ಬ್ಯಾಂಡು. ಸಾಂಗ್ಲಿಯ ಅರಿಷಿಣದ ವ್ಯಾಪಾರಿ ಮಲ್ಲಣ್ಣನದು, ಅಂದರೆ ನನ್ನದು, ಪೇಟಿ. ಮಿರಜದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ರಫೀಕನದು ಕ್ಲಾರಿಯೋನೆಟ್. ಮಾಧವನಗರದಲ್ಲಿ ವಿದ್ಯುತ್ ಮಗ್ಗ ನಡೆಸುವ ಅಪ್ಪಾಸಾಹೇಬನದು ತಬಲಾ. ಅವನ ಮಗ್ಗದ ಶೆಡ್ಡಿನ ಮೇಲೊಂದು ಕೋಣೆಯಿದೆ. ರವಿವಾರ ಮಧ್ಯಾಹ್ನ ಕೆಳಗೆ ಮಗ್ಗಗಳು ಖಟಾಖಟ್ ಅನ್ನುತ್ತಿದ್ದರೆ ಮೇಲೆ ನಾವು ಕಣ್ಣು ಮುಚ್ಚಿ ಹಳೆಯ ಸಿನಿಮಾ ಹಾಡು ಬಾರಿಸುತ್ತಿದ್ದೆವು. ಮುಗಿದ ಮೇಲೆ ರಫೀಕ "ಕ್ಯಾ ಬಾತ್!" ಎಂದು ಕೂಗುತ್ತಿದ್ದ. ಕೂಗದಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಅಪ್ಪಾಸಾಹೇಬ "ಛಲೋ ಆತ್ ನೋಡ" ಎಂದು ಅಷ್ಟೇ ಜೋರಾಗಿ ಒಪ್ಪುತ್ತಿದ್ದ. ನಾನು ವಿನಯದಿಂದ ತಲೆ ಬಗ್ಗಿಸುತ್ತಿದ್ದೆ. ವಾರವೆಲ್ಲ ಅರಿಷಿಣದ ಧೂಳು ಕುಡಿದ ಮನುಷ್ಯನಿಗೆ ಇನ್ನೇನು ಬೇಕು ಹೇಳಿ.

ಅಪ್ಪಾಸಾಹೇಬನ ಮಗಳು ಗೌರಿಯ ಸಾಖರಪುಡಾ ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಹುಟ್ಟಿದಾಗಿನಿಂದ ಆ ಖಟಾಖಟ್ಟಿನಲ್ಲೇ ಬೆಳೆದ ಹುಡುಗಿ, "ಕಾಕಾ, ಬ್ಯಾರೆ ಯಾರೂ ಬ್ಯಾಡ, ನೀವ ಬಾರ್ಸಬೇಕು ನೋಡ್ರಿ" ಎಂದು ಪಟ್ಟು ಹಿಡಿದಳು. ನಾವು ಉಬ್ಬಿಹೋದೆವು. ರಫೀಕ ಮೂವರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಜುಬ್ಬಾ ಹೊಲಿದ.

ಕಾರ್ಯಕ್ರಮ ವಿಶ್ರಾಮಬಾಗದ ಒಂದು ಮಂಗಲ ಕಾರ್ಯಾಲಯದಲ್ಲಿ. ಏಸಿ, ದಪ್ಪ ಗಾಜಿನ ಬಾಗಿಲು. ರಸ್ತೆಯ ಒಂದು ಹಾರ್ನೂ ಒಳಗೆ ಬರದು. ಮಂದಿಯೆಲ್ಲ ಮರ್ಯಾದೆಯಿಂದ ಸುಮ್ಮನೆ ಕೂತರು. ನಾವು ಶುರು ಮಾಡಿದೆವು.

ಅಯ್ಯೋ ಶಿವನೇ! ಇದ್ಯಾರಪ್ಪಾ ಹೀಗೆ ಬಾರಿಸುತ್ತಿರುವುದು ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು. ರಫೀಕನ ಸ್ವರ ಒಂದು ಕಡೆ, ನನ್ನದು ಇನ್ನೊಂದು ಕಡೆ. ಅಪ್ಪಾಸಾಹೇಬನ ತಬಲಾ ಬಸ್ಸು ಹಿಡಿಯುವವನ ಹಾಗೆ ಓಡುವುದು, ನಡುವೆ ನಿಂತು ಏದುಸಿರು ಬಿಡುವುದು. ಇಷ್ಟು ವರ್ಷ ನಮ್ಮನ್ನು ತಾಳಕ್ಕೆ ಕಟ್ಟಿಹಾಕಿದ್ದು ಮಗ್ಗ. ನಮ್ಮ ಅಪಸ್ವರವನ್ನು ಮುಚ್ಚಿಕೊಂಡು ಬಂದದ್ದೂ ಅದೇ. ಆ ಗದ್ದಲದಲ್ಲಿ ಒಬ್ಬರದು ಒಬ್ಬರಿಗೆ ಕೇಳಿಸಿಯೇ ಇರಲಿಲ್ಲ! ತಲೆದೂಗುತ್ತಿದ್ದದ್ದು ಅವರವರ ತಲೆಯೊಳಗಿನ ಹಾಡಿಗೆ.

ಹೇಗೋ ಮುಗಿಸಿದೆವು. ಮುಂದಿನ ಸಾಲಿನಲ್ಲಿದ್ದ ವರನ ಅಜ್ಜಿ ಬಹಳ ಅಂತಃಕರಣದಿಂದ ಕೇಳಿದರು, "ಸೂರ ಕೂಡ್ಸೂದು ಆತೇನ್ರಪಾ? ಹಂಗಾರ ಇನ್ನ ಹಾಡ ಚಾಲೂ ಮಾಡ್ರಿ."

ಮಿರಜ ತಂಬೂರಿ, ಸಿತಾರ ಮಾಡುವ ಊರು. ಅಲ್ಲಿ ಒಣಗಿದ ಸೋರೆಬುರುಡೆಗೂ ಶ್ರುತಿಜ್ಞಾನವಿದೆ. ಆ ವಾದ್ಯ ಮಾಡುವವರ ಓಣಿಯಲ್ಲೇ ಇರುವ ರಫೀಕನಿಗೆ ಅಜ್ಜಿಯ ಮಾತು ಎಲ್ಲಿ ನಾಟಿತೋ, ವಾರವಿಡೀ ಫೋನಿಲ್ಲ. ಅಪ್ಪಾಸಾಹೇಬನದೂ ಇಲ್ಲ. ನನಗೆ ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಯಿತು. ಬ್ಯಾಂಡು ಮುರಿದರೆ ಇವರಿಬ್ಬರ ಮುಖ ನೋಡಲು ನನಗೆ ನೆಪವೇನು? ಈ ವಯಸ್ಸಿನಲ್ಲಿ, ನಿನ್ನನ್ನು ನೋಡಬೇಕನಿಸಿತು ಎಂದು ಗೆಳೆಯನ ಬಾಗಿಲು ತಟ್ಟುವ ಧೈರ್ಯ ಯಾವ ಗಂಡಸಿಗಿದೆ? ಅದಕ್ಕಿಂತ ಪೇಟಿ ಹೊತ್ತುಕೊಂಡು ಹೋಗುವುದು ಸುಲಭ.

ರವಿವಾರ ಹೊತ್ತುಕೊಂಡೇ ಹೋದೆ. ಶೆಡ್ಡು ಗಪ್‌ಚಿಪ್ಪಾಗಿತ್ತು. ಮೇಲೆ ಇಬ್ಬರೂ ಇದ್ದರು. "ಮಗ್ಗ ಬಂದ್ ಇಟ್ಟೇನಿ," ಎಂದ ಅಪ್ಪಾಸಾಹೇಬ, "ಇನ್ನರ ನೆಟ್ಟಗ ಕಲಿಯೋಣು." ನಾಲ್ಕು ಸಾಲು ಬಾರಿಸಿದೆವು. ಯಾರೂ ಕ್ಯಾ ಬಾತ್ ಅನ್ನಲಿಲ್ಲ. ರಫೀಕ ಕ್ಲಾರಿಯೋನೆಟ್ಟಿನ ತುಂಡುಗಳನ್ನು ಬಿಚ್ಚಿ ಒಂದೊಂದಾಗಿ ಡಬ್ಬಿಯಲ್ಲಿಡತೊಡಗಿದ. "ಬಸ್ ಆತೋ, ಮಲ್ಲಣ್ಣಾ. ಇಷ್ಟ ದಿನ ಮಂದಿ ನಗಲಿಲ್ಲಲಾ, ಅದ ದೊಡ್ಡದು."

ನಾನು ಎದ್ದು ಧಡಧಡ ಮೆಟ್ಟಿಲಿಳಿದು ಹೋಗಿ, "ಎಲ್ಲಾ ಮಗ್ಗ ಹಚ್ರಿ!" ಎಂದು ಖಾಲಿ ಕೂತಿದ್ದ ಕೆಲಸದವರ ಮೇಲೆ ಚೀರಿದೆ. ಖಟಾಖಟ್ ಎದ್ದಿತು. ಮೇಲೆ ಬಂದರೆ ರಫೀಕ ನನಗೇನೋ ಬೈಯುತ್ತಿದ್ದ. ಪುಣ್ಯಕ್ಕೆ ಕೇಳಿಸಲಿಲ್ಲ. ಬೈಯುತ್ತಲೇ ತುಂಡುಗಳನ್ನು ಮತ್ತೆ ಜೋಡಿಸುತ್ತಿದ್ದ.

ಅಂದು ಮೊದಲ ಸಲ ನಾನು ಕಣ್ಣು ಮುಚ್ಚಲಿಲ್ಲ. ರಫೀಕನ ಗಲ್ಲ ಉಬ್ಬಿದಾಗ ಅವನು ಹಾಡಿನಲ್ಲಿ ಎಲ್ಲಿದ್ದಾನೆಂದು ತಿಳಿಯುತ್ತಿತ್ತು. ಅಪ್ಪಾಸಾಹೇಬ ನನ್ನ ಬೆರಳು ನೋಡುತ್ತಿದ್ದ. ಸುಧಾರಿಸಿದೆವೋ ಇಲ್ಲವೋ ಮಗ್ಗಕ್ಕೇ ಗೊತ್ತು. ನಾನಂತೂ ಬಹಳ ಖುಷಿಯಾಗಿದ್ದೆ.

ಮೊನ್ನೆ ಗೌರಿಯ ಫೋನು. ಮದುವೆಗೂ ನಾವೇ ಬಾರಿಸಬೇಕಂತೆ. ನಾನು ಗಾಬರಿಯಾಗಿ, "ಬ್ಯಾಡವಾ, ನಿಮ್ಮತ್ತಿ ಮನಿಯವರ ಮುಂದ ಮತ್ತ ಮಾನಾ ಹೋಗ್ತೈತಿ" ಎಂದೆ.

"ಹೋಗೂದಿಲ್ಲ ಕಾಕಾ. ಬಯಲಾಗ ಪೆಂಡಾಲ ಹಾಕ್ಸೇನಿ," ಎಂದಳು. "ಜನರೇಟರ್ ಬಾಜೂಕ ನಿಮ್ಮ ಜಾಗಾ."